ಸಾಲಿಗೆ ಬಾರದ ಚುಕ್ಕಿಗಳು

"ಇದೇನಮ್ಮ, ಚುಕ್ಕಿ ಇಟ್ಟಿದ್ದೀಯೋ, ಸಾಸಿವೆ ಚೆಲ್ಲಿದ್ದೀಯೋ?"

ಪರದೆಯ ಮೇಲಿನ ಚಿತ್ರ ನೋಡಿ ಪ್ರಯೋಗಾಲಯದ ಮುಖ್ಯಸ್ಥರು ನಕ್ಕರು. ಅವರು ನಕ್ಕರೆಂದು ಇಡೀ ಕೋಣೆ ನಕ್ಕಿತು. ಅಲ್ಲಿ ನಗುವುದಕ್ಕೂ ಅವರ ಅಪ್ಪಣೆ ಬೇಕಿತ್ತು.

ಸಂಶೋಧಕಿ ನಗಲಿಲ್ಲ. ಎರಡು ಪುಟ್ಟ ಕನ್ನಡಿಗಳ ನಡುವೆ ಕೂದಲಿಗಿಂತ ತೆಳುವಾದ ಬಣ್ಣದ ಪದರ, ಒಂದು ಕನ್ನಡಿಯ ಮೇಲೆ ಅವಳೇ ಕೊರೆದ ಚುಕ್ಕಿಗಳು. ಅವಕ್ಕೂ ಕಟ್ಟುನಿಟ್ಟಾದ ಕ್ರಮವಿತ್ತು, ಆದರೆ ಸಾಲುಸಾಲಾಗಿ ಒಂದೇ ಚೌಕ ಮರಳಿ ಬರುತ್ತಿರಲಿಲ್ಲ. ಕನ್ನಡಿಗಳ ನಡುವೆ ಸಿಕ್ಕಿಕೊಂಡ ಬೆಳಕು ಬೇಗ ಹೊರಗೆ ಸೋರದು, ಚೂರು ಬೆಳಕು ಉಣಿಸಿದರೂ ಲೇಸರ್ ಹೊಮ್ಮುತ್ತದೆ ಎಂಬುದು ಅವಳ ಹಟ. ಇವತ್ತು ಹೊಮ್ಮದಿದ್ದರೆ ಈ ಕೆಲಸ ಬಂದ್, ನಾಳೆಯಿಂದ ನಾನು ಹೇಳುವ ಚೌಕದ ಸಾಲುಗಳನ್ನೇ ಕೊರೆಯಬೇಕು ಎಂದು ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಅವಳು ಮಾಡಿದ್ದ ಅಂಥ ತುಣುಕುಗಳಲ್ಲಿ ಉಳಿದದ್ದು ಒಂದೇ. ಮಿಕ್ಕವೆಲ್ಲ ಅವರ ರೂಢಿಗೆ ಬಲಿಯಾಗಿದ್ದವು: ಮೊದಲು ಬೆಳಕು ಉಣಿಸುವ ನಾಬನ್ನು ತುದಿಗೆ ತಿರುಗಿಸು, ಬೆಳಗಿದರೆ ಆಮೇಲೆ ಇಳಿಸು. ಹರಳಿನ ಲೇಸರ್‌ಗೆ ಅದು ಸರಿ, ಈ ಪದರ ಮಾತ್ರ ಅಷ್ಟು ಬೆಳಕಿಗೆ ಸುಟ್ಟೇಹೋಗುತ್ತದೆ. ಸುಡುವವರೂ ಅವರೇ, "ನೋಡು, ಬೆಳಗಲಿಲ್ಲ" ಎಂದು ತೀರ್ಪು ಕೊಡುವವರೂ ಅವರೇ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಿಗ್ಗೆ ತಂಗಿ ಬೇರೆ ಕೆಣಕಿದ್ದಳು: "ಅಕ್ಕಾ, ಮನೇಲಿ ನನ್ನ ಮೇಲೆ ಹಾರಾಡ್ತೀಯಲ್ಲ, ಅಲ್ಲೂ ಒಂಚೂರು ಬಾಯಿ ಬಿಡು."

ದೀಪ ಆರಿಸಿದರು. ಮುಖ್ಯಸ್ಥರ ಕೈ ತಾನಾಗಿಯೇ ನಾಬಿನ ಕಡೆ ಹೋಯಿತು. ಅವಳು ತನ್ನ ಕೈ ಅಡ್ಡ ಇಟ್ಟಳು.

"ಮುಟ್ಟಬೇಡಿ ಸರ್."

"ಏನಂದೆ?"

"ಮುಟ್ಟಬೇಡಿ ಅಂದೆ. ಕೆಳಗಿನಿಂದ ನಾನೇ ಏರಿಸ್ತೀನಿ."

"ನನಗೇ ಪಾಠ ಹೇಳ್ತೀಯಾ? ನೀನು ಹುಟ್ಟೋಕೆ ಮುಂಚೆಯಿಂದ ಲೇಸರ್ ಮಾಡ್ತಿದ್ದೀನಿ."

"ಮಾಡಿದ್ದೀರಿ ಸರ್. ನನ್ನವನ್ನೆಲ್ಲ ಸುಟ್ಟಿದ್ದೂ ನೀವೇ."

ಇಲ್ಲಿಗೆ ತನ್ನ ಕಥೆ ಮುಗಿಯಿತು ಎಂದು ಅವಳು ಅಂದುಕೊಂಡಳು. ಹಾಗೆಂದುಕೊಂಡ ಮೇಲೆ ಹೆದರಿಕೆಯೂ ಹೋಯಿತು. ನಾಬನ್ನು ಕೂದಲೆಳೆಯಷ್ಟು ತಿರುಗಿಸಿದಳು. ಪರದೆಯ ಮೇಲಿನ ಬೆಳಕಿನ ನಕ್ಷೆಯಲ್ಲಿ ಅಗಲವಾದ ಮಂಕು ದಿಬ್ಬವೊಂದು ಮೂಡಿತು. ಇನ್ನೊಂದೆಳೆ ತಿರುಗಿಸಿದಳು. ದಿಬ್ಬದ ನಡುವಿನಿಂದ ಲೇಸರಿನ ಸೂಜಿಯಂಥ ಗೆರೆ ಚಿಮ್ಮಿ ನಿಂತಿತು. ನಾಬು ಇನ್ನೂ ಕಾಲು ಸುತ್ತೂ ತಿರುಗಿರಲಿಲ್ಲ.

"ಅರೆ!" ಮುಖ್ಯಸ್ಥರು ಕುರ್ಚಿಯಿಂದ ಎದ್ದೇಬಿಟ್ಟರು. "ಬಂತಲ್ಲೇ! ಸರಿ, ಈಗ ತುದಿಗೆ ತಿರುಗಿಸು, ಎಷ್ಟು ಬೆಳಗುತ್ತೋ ನೋಡೇಬಿಡೋಣ." ಅವರ ಕೈ ಆಗಲೇ ಮುಂದೆ ಬಂದಿತ್ತು.

ಅವಳು ತನ್ನ ಕೈ ತೆಗೆಯಲಿಲ್ಲ.

"ಇಷ್ಟೇ ಸಾಕು ಸರ್. ಕೂತ್ಕೊಂಡು ನೋಡಿ."