ಗುಂಡಕಲ್ಲು ಮಲಗಿದ ತೊಟ್ಟಿಲು

ಆವತ್ತು ಮುಂಜಾನೆ ಹುಬ್ಬಳ್ಳಿಯ ಮೇಲೆ ಮೋಡ ಹಸಿ ಕಂಬಳಿಯ ಹಾಗೆ ಕವುಚಿಕೊಂಡಿತ್ತು. ಪುನರ್ವಸು ಮಳೆ. ಜೋರಾಗಿ ಸುರಿದು ಹೋಗುವ ಜಾತಿಯದಲ್ಲ. ಜರಡಿಯಿಂದ ಹಿಟ್ಟು ಉದುರಿದಂತೆ ಉದುರುತ್ತ, ಗಾಳಿ ಕರೆದ ಕಡೆ ಹೊರಳುತ್ತ, ಹೊತ್ತು ಮುಳುಗುವ ತನಕ ಬಿಡದೆ ಕೂರುವಂಥದು. ಕಮರಿಪೇಟೆಯ ಓಣಿಯಲ್ಲಿ ಗೌಸಮೊದ್ದೀನ ಅಂಗಡಿಯ ಅರ್ಧ ಬಾಗಿಲಷ್ಟೇ ತೆಗೆದು, ಗೋಡೆಗೆ ಅಂಗೈ ಹಚ್ಚಿ ನೋಡಿದ. ಗೋಡೆ ಬೆವೆತಿತ್ತು. ನೆಲದಲ್ಲಿಟ್ಟಿದ್ದರೆ ತಂಪು ಹತ್ತಿ ಅರಗಿನ ಬಣ್ಣ ಏಳುತ್ತಿತ್ತು, ತೊಲೆಗೆ ತೂಗು ಹಾಕಿದ್ದೇ ಒಳ್ಳೆಯದಾಯಿತು ಅಂದುಕೊಂಡು ಮೇಲೆ ನೋಡಿದ. ಹಳೇ ಚಾದರ ಹೊದ್ದ ಕಲಘಟಗಿ ತೊಟ್ಟಿಲು ಅಲುಗದೆ ನಿಂತಿತ್ತು.

"ಅಬ್ಬಾ, ಇವತ್ತ ಕಡೇ ದಿನಾ," ಅಂದಳು ಮಗಳು ಜರೀನಾ, ಮೊಬೈಲಿನಿಂದ ಕಣ್ಣು ಎತ್ತದೆ. "ಸಂಜಿ ಒಳಗ ದೂರು ಹಾಕಲಿಲ್ಲಂದ್ರ ಸವಾಲಿನ ಆ್ಯಪಿಗೆ ನಾವು ಕಟ್ಟಿದ ಫೀ ಮುಳಗಿತು. ಮ್ಯಾಲೆ ಆ ಗಾಳಿ ಗಿರಾಕಿ ಹೆಸರಿಗೆ ಒಂದ ಕಪ್ಪ ಚುಕ್ಕಿನೂ ಬೀಳಂಗಿಲ್ಲ."

"ಇನ್ನೊಂದ ಸಲ ಫೋನ್ ಹಚ್ಚಿ ನೋಡು."

"ಎಷ್ಟ ಸಲ ಹಚ್ಚಲಿ? ರಿಂಗ್ ಆಗತೈತಿ, ಕಟ್ ಮಾಡತಾರ. ನನ್ನ ನಂಬರ್ ಅವರಿಗೆ ಬಾಯಿಪಾಠ ಆಗೇತಿ ಈಗ."

ಗೌಸಮೊದ್ದೀನ ಮೊದಲಿನಿಂದಲೂ ಮರದ ಪಾಲಿಶ್ ಮಾಡಿಕೊಂಡು ಬಂದವನು. ಜನ ಸಿದ್ಧ ಸಾಮಾನು ಕೊಳ್ಳತೊಡಗಿದ ಮೇಲೆ ಕೈಗೆ ಕೆಲಸ ಕಡಿಮೆಯಾಗಿತ್ತು. ಹಳೇ ಸಾಮಾನನ್ನು ಮೊಬೈಲಿನಲ್ಲೇ ಸವಾಲಿಗೆ ಹಾಕಬಹುದೆಂದು ತೋರಿಸಿಕೊಟ್ಟವಳು ಜರೀನಾ. ಮಂದಿಯ ಮನೆಯಿಂದ ಬಂದ ಬೀಗ, ದೀಪದ ಸಮೆ, ಕಿತ್ತ ಬಾಗಿಲುಗಳನ್ನು ಅಪ್ಪ ತಿಕ್ಕಿ ತೊಳೆಯುವನು. ಮಗಳು ಫೋಟೊ ಹೊಡೆದು, ಎರಡು ಸಾಲು ಬರೆದು, ಕೇಳಿದವರಿಗೆಲ್ಲ ಉತ್ತರ ಕೊಡುವಳು. ಎಲ್ಲರಿಗಿಂತ ಹೆಚ್ಚು ಕೂಗಿ ಸವಾಲು ಗೆದ್ದು, ಆಮೇಲೆ ರೊಕ್ಕ ಕೊಡದೆ ಮಾಯವಾಗುವವರಿಗೆ ಮನೆಯವರು ಗಾಳಿ ಗಿರಾಕಿ ಎಂದು ಹೆಸರಿಟ್ಟಿದ್ದರು. ಇಂಥವರು ಮೊದಲೂ ಬಂದಿದ್ದರು. ಸಾಮಾನನ್ನು ಮತ್ತೆ ಸವಾಲಿಗೆ ಹಾಕಿದರೆ ಮುಗಿಯಿತು. ಆದರೆ ಈ ತೊಟ್ಟಿಲಿನ ಮಾತು ಬೇರೆ.

ಇದು ಸುಳ್ಳ ಎಂಬ ಹಳ್ಳಿಯ ರತ್ನವ್ವನ ಮನೆಯದು. ಆಕೆಯ ಸೊಸೆ ಶಾಂಭವಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಉಳಿಯಲಿಲ್ಲ. ಎರಡನೆಯದು ಏಳು ತಿಂಗಳು ತುಂಬಿದ ಮೇಲೆ ಹೋದದ್ದು. ಪಡಸಾಲೆಯಲ್ಲಿ ತೂಗುತ್ತಿದ್ದ ತೊಟ್ಟಿಲನ್ನು ಹುಡುಗಿ ಸರಿರಾತ್ರಿ ಎದ್ದು ನೋಡುತ್ತ ಕೂರುವುದನ್ನು ಕಂಡು ರತ್ನವ್ವ ಅದನ್ನು ಹೊರಗೆ ಹಾಕಲು ಮನಸ್ಸು ಮಾಡಿದಳು. "ಊರಾಗ ಯಾರ ಒಯ್ತಾರ ಗೌಸಣ್ಣಾ? ನಮ್ಮ ಮನಿ ಸಂಗತಿ ಗೊತ್ತಿದ್ದವರು ಇದರ ನೆರಳಿಗೂ ನಿಲ್ಲಂಗಿಲ್ಲ. ಗೊತ್ತಿಲ್ಲದ ಊರಿಗೆ ಹೋಗಲಿ. ಆದ್ರ ಕೂಸು ಬರೂ ಮನಿಗೇ ಹೋಗಬೇಕು. ನನ್ನ ಗಂಡ ಇದರಾಗ ಮಲಗಿದಾಂವ, ನನ್ನ ಮಗ ಮಲಗಿದಾಂವ," ಅಂದಿದ್ದಳು.

ಹಾಗೇ ಆಯಿತು ಅನ್ನಿಸಿತು. ಪುಣೆಯವರೊಬ್ಬರು, ತಮ್ಮ ಮಗಳಿಗೆ ಏಳು ತುಂಬಿದೆ, ತೊಟ್ಟಿಲು ತಮಗೇ ಬೇಕು ಎಂದು ಬರೆದು ಸವಾಲು ಗೆದ್ದರು. ಜರೀನಾ ಖುಷಿಯಿಂದ ರತ್ನವ್ವನಿಗೆ ಫೋನು ಮಾಡಿದಳು. ರೊಕ್ಕ ಇನ್ನೂ ಬಂದಿಲ್ಲ ಎಂಬುದನ್ನೂ ಹೇಳಿದಳು. ರತ್ನವ್ವ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆಕೆ ಕಂಡ ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಒಪ್ಪಿದರೆ ಎತ್ತು ಹೋದ ಹಾಗೇ. ಆವತ್ತೇ ಸಂಜೆ ತೊಟ್ಟಿಲಿಗೆ ವಿಭೂತಿ ಹಚ್ಚಿ, ಗಂಡನ ಮನೆಗೆ ಹೋಗುವ ಮಗಳಿಗೆ ತುಂಬುವಂತೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲ್ಲವನ್ನೂ ಹೊಸ ಖಣದಲ್ಲಿ ಕಟ್ಟಿ ಒಳಗಿಟ್ಟು, ಪುಣೆಗೆ ಕಳಿಸಲೆಂದು ಗೌಸಮೊದ್ದೀನನ ಅಂಗಡಿಗೆ ಟೆಂಪೊ ಹತ್ತಿಸಿದಳು. ಹೋದ ಮನೆಯಲ್ಲಿ ಆ ಅಕ್ಕಿ ಬೇಯಬೇಕು. ಉಡಿ ತುಂಬಿ ಕಳಿಸಿದ್ದು ತಿರುಗಿ ಹೊಸ್ತಿಲು ತುಳಿಯಬಾರದು.

ಪುಣೆಯವರು ಮೊದಲು "ನಾಳೆ" ಅಂದರು. ಆಮೇಲೆ ಏನೂ ಅನ್ನಲಿಲ್ಲ.

ರತ್ನವ್ವ ಮಾತ್ರ ಫೋನಿನಲ್ಲಿ ಕೇಳಿದಳು: "ಪುಣೇಕ ಮುಟ್ಟಿತೇನ್ರಿ? ಶಾಂಭವಿ ಈಗ ರಾತ್ರಿ ನಿದ್ದಿ ಮಾಡತಾಳ ನೋಡ್ರಿ." ಗೌಸಮೊದ್ದೀನ ಐದು ಹೊತ್ತು ನಮಾಜು ಮಾಡುವವನು. ಆದರೂ ಅವನ ಬಾಯಿಂದ "ಮುಟ್ಟೇತ್ರಿ" ಎಂದೇ ಬಂತು. ಅಂದಿನಿಂದ ಅವನಿಗೆ ತೊಟ್ಟಿಲಿನ ಕೆಳಗೆ ಕೂತು ಕೆಲಸ ಮಾಡಲು ಆಗುತ್ತಿರಲಿಲ್ಲ.

"ಗೋವಾದಾಂವ ಮತ್ತ ಕೇಳ್ಯಾನ," ಜರೀನಾ ಮುಂದುವರಿಸಿದಳು. "ಸವಾಲಿನಾಗ ಎರಡನೇ ಬೋಲಿ ಅವಂದ. ದೂರು ಹಾಕಿದ ಕೂಡಲೇ ಅವಗ ಕೊಡಾಕ ಬರತೈತಿ."

"ಏನ ಮಾಡತಾನಂತ?"

"ಹೋಟೆಲ್ ಬಾಗಿಲಾಗ ತೂಗ ಹಾಕಿ ಹೂವಿನ ಕುಂಡಾ ಇಡತಾನಂತ."

"ಅದರಾಗ ಮಣ್ಣ ಇಡತಾನ ಅನ್ನು," ಅಂದ ಗೌಸಮೊದ್ದೀನ.

ಒಳಗಿಂದ ಹೆಂಡತಿ ಅಮೀನಾಬಿ ಕೂಗಿದಳು: "ಲಗೂನ ಏನರ ಒಂದ ಮಾಡ್ರಿ ತಂದಿ ಮಗಳು. ನನ್ನ ಗುಂಡಕಲ್ಲ ಅದರಾಗ ಮಲಗಿ ತಿಂಗಳಾತು. ಖಾರಾ ಅರೀಲಿಕ್ಕೆ ಮಂದಿ ಮನಿಗೆ ಹೋಗಾಕತ್ತೇನಿ, ಮುಗದದಾಕಿ ತೌರಿಂದ ಒಂದ ಕಲ್ಲೂ ತರಲಿಲ್ಲೇನು ಅಂತ ನಗತಾರ." ಖಾಲಿ ತೊಟ್ಟಿಲು ಗಾಳಿಗೆ ತೂಗಬಾರದೆಂದು ಕಲ್ಲನ್ನು ಬಟ್ಟೆ ಸುತ್ತಿ ಮಲಗಿಸಿದವಳೂ ಅವಳೇ. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡಕಲ್ಲನ್ನು ಮಲಗಿಸುವುದನ್ನು ಅವಳು ತನ್ನ ತೌರೂರು ಮುಗದದಲ್ಲಿ ಕಂಡಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೊಡೆ ಮಡಚಿದರು. ತೆಳ್ಳಗಿನ ಹೆಂಗಸು, ಸೀರೆಯ ಅಂಚು ಮೊಣಕಾಲ ತನಕ ತೊಯ್ದಿತ್ತು, ಕೊರಳಲ್ಲಿ ಲಿಂಗದ ಕರಡಿಗೆ.

"ಕಾಕಾ, ನಾ ಶಾಂಭವಿರಿ. ಸುಳ್ಳದ ರತ್ನವ್ವಾರ ಸೊಸಿ."

ಗೌಸಮೊದ್ದೀನ ತಡವರಿಸಿ ಎದ್ದು ನಿಂತ. ಜರೀನಾ ಸ್ಟೂಲು ಮುಂದೆ ತಳ್ಳಿದಳು. ಶಾಂಭವಿ ಕೂರಲಿಲ್ಲ. ಚೀಲದಿಂದ ಕೂಸಿನ ತಲೆಗೆ ಹಾಕುವ ಒಂದು ಕುಂಚಿಗೆ ತೆಗೆದಳು. ಕೆಂಪು ಖಣದ್ದು, ಅಂಚಿಗೆ ಕೈಹೊಲಿಗೆ.

"ತೊಟ್ಟಲಾ ಪುಣೇಕ ಮುಟ್ಟೇತಿ ಅಂತ ಅತ್ತಿ ಹೇಳಿದ್ರು. ಇದು ನಾ ಹೊಲದದ್ದು. ಮನ್ಯಾಗ ಇಟ್ಟು ಏನ ಮಾಡೂದೈತಿ? ಆ ಕೂಸಿಗೆ ಕಳಸೂನು ಅಂತ. ವಿಳಾಸ ಕೊಡತೀರೇನ್ರಿ?"

ಗೌಸಮೊದ್ದೀನ ವಿಳಾಸ ಹುಡುಕುವವನಂತೆ ಕಪಾಟಿನ ಕಡೆ ತಿರುಗಿದ. ಆಗ ಓಣಿಯಿಂದ ಗಾಳಿ ನುಗ್ಗಿ ಚಾದರ ಪಟಪಟ ಅಂತು; ತೊಟ್ಟಿಲ ಸರಪಳಿ ಒಂದು ಸಲ ಕಿರ್ರ್ ಅಂತು.

ಶಾಂಭವಿ ತಲೆ ಎತ್ತಿದಳು. ಆ ಸಪ್ಪಳ ಕೇಳುತ್ತ ಅವಳು ಎಷ್ಟೋ ರಾತ್ರಿ ಕಳೆದಿದ್ದಳು. ಹತ್ತಿರ ಹೋಗಿ ಚಾದರದ ತುದಿ ಸರಿಸಿದಳು. ಅರಗಿನ ಗಿಳಿಗಳು, ಹಳದಿ ಹೂಬಳ್ಳಿ, ಒಳಗೆ ಬಟ್ಟೆ ಸುತ್ತಿದ ಕರೀ ಕಲ್ಲು.

"ಹೋಗೇ ಇಲ್ಲ ಇದು," ಅಂದಳು.

"ಸುಳ್ಳ ಹೇಳಿದೆ ನೋಡವಾ ನಾನು," ಗೌಸಮೊದ್ದೀನ ನೆಲ ನೋಡುತ್ತ ಅಂದ. "ಶಾಂಭವಿ ಈಗ ನಿದ್ದಿ ಮಾಡತಾಳ ಅಂದ್ರು ನಿಮ್ಮತ್ತಿ. ಇಲ್ಲ ಅನ್ನಾಕ ನಾಲಿಗಿ ಹೊರಳಲಿಲ್ಲ."

"ನಿದ್ದಿ ಎಲ್ಲೀದು ಕಾಕಾ. ಅವರು ಎದ್ದೆದ್ದು ಬಂದು ನೋಡತಾರಂತ ಕಣ್ಣ ಮುಚಗೊಂಡು ಬಿದ್ದಿರತೇನಿ."

ಜರೀನಾಗೆ ತಡೆಯಲಾಗಲಿಲ್ಲ. "ತಪ್ಪ ಅಬ್ಬಾಂದಲ್ರಿ ಅಕ್ಕಾ, ಆ ಪುಣೇದಾವರದು. ರೊಕ್ಕ ಕೊಡಲಿಲ್ಲ, ಬ್ಯಾಡ ಅಂತನೂ ಅನ್ನಲಿಲ್ಲ. ಇವತ್ತ ದೂರು ಹಾಕಾಕತ್ತೇನಿ ನೋಡ್ರಿ. ಇನ್ನೊಂದ ಸಲ ಎಲ್ಲೂ ಸವಾಲ ಕೂಗಬಾರದು, ಹಂಗ ಮಾಡತೇನಿ!"

"ಎಷ್ಟ ತಿಂಗಳ ಅಂದಿದ್ರು ಅವರ ಮಗಳಿಗೆ?"

"ಏಳು ತುಂಬೇತಿ ಅಂತ ಬರದಿದ್ರು."

ಶಾಂಭವಿ ತೊಟ್ಟಿಲ ಅಂಚು ಹಿಡಿದು ಅದು ಅಲುಗದಂತೆ ನಿಲ್ಲಿಸಿದಳು. ಆಮೇಲೆ ಅಂದಳು: "ನನಗ ಹಂಗ ಆದಾಗ ಕೂಸಿನ ಬೆಳ್ಳಿ ಉಡದಾರಾ ಮಾಡಿದ್ದ ಪತ್ತಾರ ದಿನಾ ಫೋನ್ ಮಾಡತಿದ್ದ, ಒಯ್ರಿ ಅಂತ. ನಮ್ಮ ಮನಿಯವರು ಕಟ್ ಮಾಡತಿದ್ರು. ಏನಂತ ಹೇಳತಾರ, ಪಾಪ?" ಆಮೇಲೆ ಜರೀನಾಳ ಕಡೆ ತಿರುಗಿ, "ಬೈಬ್ಯಾಡವಾ ತಂಗಿ ಅವರಿಗೆ. ಅವರ ಮನ್ಯಾಗ ಏನ ಆಗೇತೋ, ನಮಗ ಗೊತ್ತಿಲ್ಲ," ಅಂದಳು.

ಜರೀನಾಳ ಹೆಬ್ಬೆರಳು ಮೊಬೈಲಿನ ಗಾಜಿನ ಮೇಲೆ ಹಾಗೇ ನಿಂತಿತು. ಅವಳು ಅಪ್ಪನ ಮುಖ ನೋಡಿದಳು. ಮೊಬೈಲನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟಳು.

ಶಾಂಭವಿ ಕುಂಚಿಗೆಯನ್ನು ನಾಲ್ಕು ಮಡಿಕೆ ಮಾಡಿ ಕಲ್ಲಿನ ಮಗ್ಗುಲಿಗೆ ಸಿಗಿಸಿ ಚಾದರ ಎಳೆದಳು. "ಇಲ್ಲೇ ಇರಲಿ ಕಾಕಾ. ಯಾರ ಒಯ್ತಾರೋ ಒಯ್ಲಿ, ಲಗೂ ಏನಿಲ್ಲ. ಅತ್ತಿಗೆ ಹೇಳಬ್ಯಾಡ್ರಿ." ಕೊಡೆ ಕೈಗೆ ತಗೊಂಡಳು.

"ನಿಲ್ಲವಾ," ಅಂದ ಗೌಸಮೊದ್ದೀನ.

ಕುರಾನ ಇಟ್ಟ ಗೂಡಿನ ಕೆಳಗಿನ ಗೂಡಿನಿಂದ ಖಣದ ಗಂಟನ್ನು ಎರಡೂ ಕೈಯಲ್ಲಿ ಇಳಿಸಿಕೊಂಡ. ರತ್ನವ್ವ ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು. "ತೊಟ್ಟಲಾ ಮುಟ್ಟಿದ ಮನ್ಯಾಗ ಬೇಯೂ ಅಕ್ಕಿ ಇದು. ಮುಟ್ಟಲಿಲ್ಲ. ನಾ ಇಟಗೊಳ್ಳಾಕ ಬರಂಗಿಲ್ಲ." ಗಂಡಸಾದ ತಾನು ಉಡಿಯ ಅಕ್ಕಿ ಕೊಡುವುದು ಸರಿಯಲ್ಲ ಅನ್ನಿಸಿ ಒಳಬಾಗಿಲ ಕಡೆ ನೋಡಿದ.

ಅಮೀನಾಬಿ ಯಾವಾಗಲೋ ಬಂದು ನಿಂತಿದ್ದಳು. ಕೈ ಸೆರಗಿಗೆ ಒರೆಸಿಕೊಂಡು, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಗಂಟನ್ನು ಇಸಿದುಕೊಂಡಳು.

"ತಿರುಗಿ ಬರಬಾರದ್ದು ಹೆಂಗ ಬಂತಂತ ಅತ್ತಿ ಕೇಳಿದ್ರ ಏನ ಹೇಳಲಿ?" ಶಾಂಭವಿಯ ದನಿ ಈಗ ಒಡೆಯಿತು.

"ಕಮರಿಪೇಟ್ಯಾಗ ಮುಗದದಾಕಿ ಒಬ್ಬಾಕಿ ಉಡಿ ತುಂಬಿದ್ಲು ಅಂತ ಹೇಳು. ಅದು ಖರೇನ ಐತಲ್ಲ. ಸೆರಗ ಹಿಡಿ ಮಗಳ."

ಶಾಂಭವಿ ಕೊಡೆ ಕೆಳಗಿಟ್ಟು ಸೆರಗು ಒಡ್ಡಿದಳು. ಅಮೀನಾಬಿ ಗಂಟು ಬಿಚ್ಚಿ, ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲನ್ನು ಮೇಲಿಟ್ಟಳು. ನಾಲ್ಕು ಕಾಳು ಜಾರಿ ತೊಯ್ದ ಹೊಸ್ತಿಲ ಮೇಲೆ ಬಿದ್ದವು. ಒಂದು ಕೈಯಲ್ಲಿ ಉಡಿ ಬಿಗಿ ಹಿಡಿದು, ಶಾಂಭವಿ ಬಗ್ಗಿ ಅವನ್ನೂ ಒಂದೊಂದಾಗಿ ಆರಿಸಿಕೊಂಡಳು.