ಉಕ್ಕಲೆಂದು ಹುಟ್ಟಿದ ತಪ್ಪಲೆ

ಹಾಲು ಉಕ್ಕಿದರೆ ಬೈಗುಳ ತಿನ್ನುವ ಪಾತ್ರೆಗಳೇ ಲೋಕದಲ್ಲಿ ಹೆಚ್ಚು. ನನ್ನ ಜಾತಕ ಬೇರೆ. ನಾನು ಒಂದು ಹಿತ್ತಾಳೆ ತಪ್ಪಲೆ. ಹಾಲು ಉಕ್ಕಲಿ ಎಂದೇ ನನ್ನನ್ನು ಮಾಡಿದ್ದು.

ನಾಗಮಂಗಲದ ಒಂದು ಹಂಚಿನ ಮಾಡಿನ ಕೆಳಗೆ ನನ್ನನ್ನು ಬಡಿದು ಬಡಿದು ಹೊಟ್ಟೆ ಮಾಡಿದರು. ಬಾಯಿಯನ್ನು ಸ್ವಲ್ಪ ಹೊರಕ್ಕೆ ಬಾಗಿಸಿದರು. ಒಳಗೆ ಕಲಾಯಿ ಹಾಕಿದಾಗ ಬೆಳ್ಳಿ ನುಂಗಿದಷ್ಟು ಹೊಳೆದೆ. ಆಗಿನಿಂದಲೂ ನನಗೆ ಕುತೂಹಲ ಜಾಸ್ತಿ. ಯಾರ ಮನೆ, ಯಾವ ಒಲೆ, ಯಾವ ಹಸುವಿನ ಹಾಲು ಎಂದು ಯೋಚಿಸುತ್ತ ಮೈಸೂರಿನ ಒಂದು ಪಾತ್ರೆ ಅಂಗಡಿಯಲ್ಲಿ ಧೂಳು ಹಿಡಿಯುತ್ತ ಕುಳಿತಿದ್ದೆ.

ಒಂದು ದಿನ ಪುಟ್ಟಗೌರಮ್ಮ ಎಂಬ ಹಿರಿಯ ಹೆಂಗಸು ಬಂದು ನನ್ನನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದರು.

"ಗೃಹಪ್ರವೇಶಕ್ಕೆ ಕಣಪ್ಪ. ತೂತು ಗೀತು ಇದ್ರೆ ಈಗ್ಲೇ ಹೇಳ್ಬಿಡು. ಆಮೇಲೆ ವಾಪಸ್ ತಂದ್ಕೊಡೋ ಅಷ್ಟು ಹತ್ರದ ಊರಲ್ಲ ಅದು."

"ಯಾವೂರಮ್ಮ?"

"ಹೆಸ್ರು ಬಾಯಿಗೆ ಬರಲ್ಲ. ಕಪ್ಪು ಸಮುದ್ರದ ದಡ ಅಂತೆ. ನೀರು ನೀಲಿನೇ ಐತೆ, ಫೋಟೋ ನೋಡಿದೀನಿ."

ಆ ಊರು ಬಟೂಮಿ. ಜಾರ್ಜಿಯಾ ದೇಶದ್ದು. ಪುಟ್ಟಗೌರಮ್ಮನ ಕಿರಿಯ ಮಗ ಶ್ರೀಕಂಠಸ್ವಾಮಿ ಶಾರ್ಜಾದಲ್ಲಿ ಲಿಫ್ಟ್ ರಿಪೇರಿ ಕೆಲಸದವನು. ಸೊಸೆ ವನಜಾಕ್ಷಿ ಅಲ್ಲಿಯೇ ಒಂದು ಕ್ಲಿನಿಕ್ಕಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವವಳು. ಅವರ ಬಾಡಿಗೆ ಮನೆಯ ಒಂದೇ ಕಿಟಕಿ ಎದುರು ಕಟ್ಟಡದ ಏಸಿ ಡಬ್ಬಗಳಿಗೆ ಮುಖ ಮಾಡಿತ್ತು. ಒಂದು ಬೇಸಿಗೆ ರಜೆಯಲ್ಲಿ ಮಗಳು ಮೇದಿನಿಯನ್ನು ಕರೆದುಕೊಂಡು ಬಟೂಮಿಗೆ ಪ್ರವಾಸ ಹೋದಾಗ, ವನಜಾಕ್ಷಿ ಹೋಟೆಲಿನ ಕಿಟಕಿ ತೆಗೆದು ಮಲಗಿದಳಂತೆ. ಸಮುದ್ರದ ಸದ್ದು ಕೇಳುತ್ತ ಮಲಗಿದವಳಿಗೆ, ಮಗು ಹುಟ್ಟಿದ ಮೇಲೆ ಮೊದಲ ಬಾರಿ, ನಿದ್ದೆ ನಿದ್ದೆಯ ಹಾಗೆ ಬಂತಂತೆ. ಆ ಒಂದು ನಿದ್ದೆಯ ಆಸೆಗೆ ಅವರು ಮುಂದಿನ ವರ್ಷ ಅಲ್ಲಿ ಏಳನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಕೊಂಡರು. ತಾವಿಲ್ಲದಾಗ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವುದು, ತಾವು ಹೋದಾಗ ಮಲಗುವುದು ಎಂದು ಲೆಕ್ಕಾಚಾರ.

ಪುಟ್ಟಗೌರಮ್ಮ ನನ್ನ ಕುತ್ತಿಗೆಗೆ ಅರಿಶಿನದ ದಾರ ಸುತ್ತಿ, ಅದಕ್ಕೆ ಅರಿಶಿನದ ಕೊಂಬು ಕಟ್ಟಿ, ತಮ್ಮ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಮಗನ ಸೂಟ್‌ಕೇಸಿಗೆ ತುರುಕಿದರು.

"ಹಾಲು ಉಕ್ಕೋವರ್ಗೂ ಆ ಮನೇಲಿ ತಲೆ ಇಡಬೇಡಿ. ಮಗು ಇರೋರು. ನಾನು ಹೇಳ್ಲಿಲ್ಲ ಅನ್ಬೇಡ ಕಂಠಿ."

"ಆಯ್ತಮ್ಮ, ಉಕ್ಕಿಸೇ ಮಲಗ್ತೀವಿ," ಎಂದ ಮಗ.

ಆದರೆ ಶಾರ್ಜಾದ ಶಾಲೆಗೆ ರಜೆ ಬರುವ ಹೊತ್ತಿಗೆ ನಮ್ಮಲ್ಲಿ ಆಷಾಢ. ಆಷಾಢದಲ್ಲಿ ಗೃಹಪ್ರವೇಶವಿಲ್ಲ. ಶ್ರಾವಣದ ಮೊದಲ ವಾರದಲ್ಲಿ ಮುಹೂರ್ತ ಸಿಕ್ಕಿತು, ಬೆಳಗಿನ ಜಾವಕ್ಕೆ. ಅಲ್ಲಿಯವರೆಗೆ ಮನೆ ಸುಮ್ಮನೆ ಬಿದ್ದಿರುವುದು ಯಾಕೆಂದು ಶ್ರೀಕಂಠಸ್ವಾಮಿ ಬಾಡಿಗೆಯ ಆ್ಯಪಿನಲ್ಲಿ ಹಾಕಿದ. ಮುಹೂರ್ತ ಬೆಳಿಗ್ಗೆ, ಬಾಡಿಗೆಯವರು ಬರುವುದು ಮಧ್ಯಾಹ್ನ, ಒಂದಕ್ಕೊಂದು ಅಡ್ಡ ಬರುವುದಿಲ್ಲ ಎಂದು ಅವನ ಎಣಿಕೆ. ಹಿಂದಿನ ದಿನ ಬಂದವರು ಆ ಬೆಳಿಗ್ಗೆ ಒಳಗೇ ಮಲಗಿರುತ್ತಾರೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಹೀಗಾಗಿ ನನ್ನ ಜೀವನದ ಶುಭಮುಹೂರ್ತದಲ್ಲಿ ನಾನು ಒಂದು ಕಟ್ಟಡದ ಕೆಳಗೆ, ಫುಟ್‌ಪಾತಿನ ಮೇಲೆ, ವನಜಾಕ್ಷಿಯ ಕಂಕುಳಲ್ಲಿದ್ದೆ. ಅವಳು ರೇಷ್ಮೆ ಸೀರೆ ಉಟ್ಟಿದ್ದಳು. ಶ್ರೀಕಂಠಸ್ವಾಮಿಯ ಕೈಯಲ್ಲಿ ಹಾಲಿನ ಡಬ್ಬ. ಮೇಲೆ ಏಳನೇ ಮಹಡಿಯಲ್ಲಿ ಪರದೆ ಎಳೆದಿತ್ತು.

"ಹೋಗಿ ಬಾಗ್ಲು ತಟ್ಟಿ," ಎಂದಳು ವನಜಾಕ್ಷಿ. "ನಿಮ್ಮ ನಿದ್ದೆ ಕೆಡಿಸಿದ್ವಿ ಕ್ಷಮಿಸಿ, ನಮ್ಮನೇಲಿ ಸ್ವಲ್ಪ ಹಾಲು ಕಾಯಿಸ್ಕೊಂಡು ಹೋಗ್ತೀವಿ ಅಂತ ಕೇಳಿ."

"ನೀನೊಬ್ಳು. ನನಗೇನ್ ಗೊತ್ತಿತ್ತು."

"ಲಿಫ್ಟ್ ಮೇಲ್ ಹೋಗಿರುವಾಗ ಕೆಳಗಡೆ ಇರಲ್ಲ ಅಂತ ಗೊತ್ತು. ಇದು ಗೊತ್ತಿರ್ಲಿಲ್ಲ."

ಅಂದೇ ಸಂಜೆ ಅವರಿಗೆ ವಿಮಾನ. ನನ್ನನ್ನು ಮತ್ತೆ ಹೊರುವುದು ಬೇಡವೆಂದು ಮನಾನಾಳ ಕೈಗೆ ಕೊಟ್ಟರು. ಮನಾನಾ ಅದೇ ಕಟ್ಟಡದ ಮೂರನೇ ಮಹಡಿಯವಳು. ಮನೆ ಒರೆಸುವುದು, ಹಾಸಿಗೆ ಬಟ್ಟೆ ಬದಲಿಸುವುದು, ಬಂದವರಿಗೆ ಕೀಲಿಕೈ ಕೊಡುವುದು ಅವಳ ಕೆಲಸ. ಅವಳು ನನ್ನ ಕುತ್ತಿಗೆಯ ಕೊಂಬನ್ನು ಮೂಸಿ ನೋಡಿ, ಇದು ಯಾವ ಔಷಧಿಯೋ ಎಂದುಕೊಂಡು ಹಾಗೆಯೇ ಬಿಟ್ಟು, ಅಡುಗೆ ಕಟ್ಟೆಯ ಮೇಲೆ ಗ್ಯಾಸ್ ಒಲೆಯ ಪಕ್ಕದಲ್ಲಿ ನನ್ನನ್ನು ಇಟ್ಟಳು. ಹಾಲು ಕಾಣದ ಒಲೆಯ ಪಕ್ಕದಲ್ಲಿ ನನ್ನ ಸಂಸಾರ ಶುರುವಾಯಿತು.

ಹಾಲಿಲ್ಲದಿದ್ದರೂ ಬೇಸರವಿರಲಿಲ್ಲ ಎಂದೇ ಹೇಳಬೇಕು. ಬಂದವರನ್ನು ನೋಡುವುದೇ ಒಂದು ಕೆಲಸ. ಬಾಗಿಲು ತೆರೆದ ಕೂಡಲೇ ಎಲ್ಲರೂ ಚೀಲವನ್ನು ಅಲ್ಲೇ ಎಸೆದು ನೇರ ಬಾಲ್ಕನಿಗೆ ಹೋಗುತ್ತಿದ್ದರು. ಹೋಗಿ, ಯಾವ ಭಾಷೆಯವರಾದರೂ, "ಆಹಾ" ಎಂಬ ಒಂದೇ ಸದ್ದು ಮಾಡುತ್ತಿದ್ದರು. ಆಮೇಲೆ ಒಳಗೆ ಬಂದು ನನ್ನನ್ನು ನೋಡುತ್ತಿದ್ದರು. ನಾನು ಅವರನ್ನು, ಅವರು ನನ್ನನ್ನು. ಯಾರಿಗೂ ಯಾರು ಎಂದು ತಿಳಿಯದು. ಒಬ್ಬರು ನನ್ನೊಳಗೆ ಕಡಲತೀರದ ನುಣುಪು ಕಲ್ಲು ತುಂಬಿಟ್ಟರು. ಒಬ್ಬಾಕೆ ಹೂವಿಟ್ಟಳು. ಇರಾನಿನ ಒಬ್ಬ ಅಜ್ಜ ತಣ್ಣೀರು ತುಂಬಿ ಅದರಲ್ಲಿ ಪ್ಲಮ್ ಹಣ್ಣು ತೇಲಿಬಿಟ್ಟು, ಪ್ರತಿ ಹಣ್ಣಿಗೂ ಒಂದು ಪದ್ಯ ಹೇಳಿ ತಿಂದ. ಇನ್ನೊಬ್ಬ ತಲೆಯ ಮೇಲೆ ಕವುಚಿಕೊಂಡು ಫೋಟೋ ತೆಗೆಸಿಕೊಂಡ. ಆಗ ಒಳಗಿನಿಂದ ಅವನ ತಲೆ ನೋಡಿದೆ. ಬಕ್ಕತಲೆ. ಹೊರಗೆ ಟೋಪಿ ತೆಗೆಯದ ಮನುಷ್ಯ ನನ್ನೆದುರು ತೆಗೆದಿದ್ದ.

ಒಬ್ಬರು ಆ್ಯಪಿನಲ್ಲಿ ಮನೆಯನ್ನು ಹೊಗಳಿ, 'ಅಡುಗೆಮನೆಯಲ್ಲಿರುವ ಹಳೆಕಾಲದ ಪೀಕದಾನಿ ಬಹಳ ಸುಂದರ' ಎಂದು ಬರೆದರಂತೆ. ಶಾರ್ಜಾದಿಂದ ಆ ದಿನವೇ ಫೋನ್ ಬಂತು. ಗಂಡ ಹೆಂಡತಿಗೆ ಬರುತ್ತಿದ್ದ ಇಂಗ್ಲಿಷು ಮನಾನಾಳಿಗೆ ಅರ್ಧ ಬರುತ್ತಿತ್ತು. ಆ ಅರ್ಧದಲ್ಲೇ ಅವರ ಮಾತುಕತೆ. ಯಾರಾದರೂ ಅದರಲ್ಲಿ ಉಗುಳಿದರೇ ಎಂದು ವನಜಾಕ್ಷಿ ಮತ್ತೆ ಮತ್ತೆ ಕೇಳಿದಳು. ಮನಾನಾ ಶಿಲುಬೆ ಮುಟ್ಟಿಕೊಂಡು, ಪ್ಲಮ್ ಬೀಜ ಬಿಟ್ಟರೆ ಬೇರೇನೂ ಇಲ್ಲ ಎಂದು ಆಣೆ ಮಾಡಿದಳು. ನಿಜವನ್ನೇ ಹೇಳಿದಳು.

ವರ್ಷಕ್ಕೊಮ್ಮೆ ಮನೆಯವರೂ ಬರುತ್ತಿದ್ದರು. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ಸಂದಿಯಲ್ಲಿ ಒಳಗೆ ಬಂದು ವನಜಾಕ್ಷಿ ಬಚ್ಚಲು ತಿಕ್ಕುತ್ತಿದ್ದಳು, ಶ್ರೀಕಂಠಸ್ವಾಮಿ ಸಡಿಲವಾದ ತಿರುಪು ಬಿಗಿಮಾಡುತ್ತಿದ್ದ. ಬಿಗಿಯಾಗಿದ್ದನ್ನೂ ಇನ್ನಷ್ಟು ಬಿಗಿಮಾಡುತ್ತಿದ್ದ. ಆಷಾಢ ಇನ್ನೂ ಕಳೆದಿರುತ್ತಿರಲಿಲ್ಲ; ಶ್ರಾವಣ ಬಂದರೆ ಬಾಡಿಗೆಯವರೂ ಬಂದಿರುತ್ತಿದ್ದರು. ಹೊಸ ಹೊದಿಕೆ ಹಾಸಿ ವನಜಾಕ್ಷಿ ಕಡಲ ಕಡೆಯ ಕೋಣೆಯ ಮಂಚದ ಅಂಚಿಗೆ ಕೂರುತ್ತಿದ್ದಳು. ಒರಗುತ್ತಿರಲಿಲ್ಲ.

"ಅಮ್ಮ, ಎಲ್ರೂ ಇಲ್ಲಿ ಮಲಗ್ತಾರೆ, ನಾವ್ ಮಾತ್ರ ಯಾಕೆ ಮಲಗಲ್ಲ?" ಎಂದು ಮೇದಿನಿ ಕೇಳಿದಳು.

"ಅಜ್ಜಿ ಬೇಡ ಅಂದಿದಾರೆ."

"ಅಜ್ಜಿಗೆ ಹೇಗ್ ಗೊತ್ತಾಗತ್ತೆ?"

"ನಿಂಗೆ ನಾಳೆ ಜ್ವರ ಬಂದ್ರೆ ನನಗೆ ಗೊತ್ತಾಗತ್ತಲ್ಲ," ಎಂದಳು ಅವಳು. ಅತ್ತೆಯ ಮಾತನ್ನು ಅವಳು ನಂಬಿದ್ದಳೋ ಇಲ್ಲವೋ ನಾನು ತಿಳಿಯೆ. ಮಗುವಿನ ವಿಷಯದಲ್ಲಿ ನಂಬದಿರುವ ಧೈರ್ಯ ಮಾತ್ರ ಅವಳಿಗಿರಲಿಲ್ಲ. ಹಿಂದಿನ ಬೀದಿಯ ಲಾಡ್ಜಿಗೆ ಹೋಗಿ ಮಲಗುತ್ತಿದ್ದರು. ಅದರ ಕಿಟಕಿಯ ಎದುರು ಗೋಡೆಯಂತೆ.

ಹೀಗೆ ಕೆಲವು ಬೇಸಿಗೆಗಳು ಹೋದವು. ನನ್ನ ಕುತ್ತಿಗೆಯ ಕೊಂಬು ಒಣಗಿ ಸುಕ್ಕಾಯಿತು. ಈ ಬಾರಿ ಬಂದಾಗ ಶ್ರೀಕಂಠಸ್ವಾಮಿ ತಿರುಪು ಬಿಗಿಮಾಡಲಿಲ್ಲ. ಅಡುಗೆ ಕಟ್ಟೆಗೆ ಒರಗಿ ನಿಂತು, "ಮಾರಿಬಿಡೋಣ ವನಜಾ," ಎಂದ. "ಸ್ವಂತ ಮನೆ ಎದುರಿಗಿಟ್ಕೊಂಡು ಲಾಡ್ಜಲ್ಲಿ ಮಲಗೋ ಪೆದ್ದರು ಈ ಊರಲ್ಲಿ ನಾವೊಬ್ರೇ. ರಜಾ ಅಂತ ಬಂದು ಬಚ್ಚಲು ತೊಳೆದು ಹೋಗ್ತೀಯ. ತಗೊಳ್ಳೋರು ಒಬ್ರು ಸಿಕ್ಕಿದಾರೆ. ಗುರುವಾರ ಬೆಳಿಗ್ಗೆ ಬಾ, ಸಹಿ ಮಾಡು ಅಂತಿದಾರೆ."

ವನಜಾಕ್ಷಿ ನನ್ನನ್ನು ಒರೆಸುತ್ತಿದ್ದಳು. ಒರೆಸಿ ಮತ್ತೆ ಒಲೆಯ ಪಕ್ಕ ಇಟ್ಟಳು.

"ಮಾರಿಬಿಡಿ," ಎಂದಳು. "ಒಂದು ರಾತ್ರಿ ಮಲಗಬೇಕು ಅಂತಿತ್ತು. ಹೋಗ್ಲಿ ಬಿಡಿ."

ಅಂದು ಮಧ್ಯಾಹ್ನವೇ ಬಾಡಿಗೆಗೆ ಬಂದವಳು ದಿನಾರಾ. ಕಜಾಕ್ ಹುಡುಗಿ. ಗಂಡ ನಾಲ್ಕು ದಿನ ತಡವಾಗಿ ಬರುವವನಿದ್ದ. ಜೊತೆಗೆ ಆಗತಾನೆ ನಡೆಯಲು ಕಲಿತ ಮಗು. ಅವಳ ಕಣ್ಣ ಕೆಳಗೆ ವನಜಾಕ್ಷಿಯ ಕಣ್ಣ ಕೆಳಗಿದ್ದಂಥದೇ ಕಪ್ಪು ಇತ್ತು. ಬುಧವಾರ ಸಂಜೆ ಮಗು ಹಾಲಿಗೆ ಅಳುತ್ತಿತ್ತು. ಇದ್ದ ಪಾತ್ರೆಗಳೆಲ್ಲ ಸಿಂಕಿನಲ್ಲಿ ಎಂಜಲಾಗಿ ಬಿದ್ದಿದ್ದವು. ದಿನಾರಾ ಸುತ್ತ ನೋಡಿದಳು. ನನ್ನನ್ನು ನೋಡಿದಳು. ಬೆಳಿಗ್ಗೆ ಮಗು ನನ್ನೊಳಗೆ ತುಂಬಿದ್ದ ಕಡಲತೀರದ ಕಲ್ಲುಗಳನ್ನು ಸುರಿದು, ತೊಳೆದು, ಹಾಲು ಹೊಯ್ದು, ಒಲೆಯ ಮೇಲಿಟ್ಟಳು.

ಅಷ್ಟರಲ್ಲಿ ಮಗು ಬಾಲ್ಕನಿಯ ಕಡೆ ಓಡಿತು. ಅವಳು ಅದರ ಹಿಂದೆ ಓಡಿದಳು.

ನನಗೆ ತಳದಲ್ಲಿ ಮೊದಲು ಕಚಗುಳಿಯಾಯಿತು. ಆಮೇಲೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಕೆನೆ ಒಮ್ಮೆ ಸುಕ್ಕಾಗಿ, ನಡುವೆ ಉಬ್ಬಿ, ಮೆಲ್ಲನೆ ಮೇಲೇಳತೊಡಗಿತು. ಹಾಲು ಹೀಗೆ ಏಳುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಬಾಯಿಯನ್ನು ಹೊರಕ್ಕೆ ಬಾಗಿಸಿದ್ದು ಯಾಕೆಂದು ಆಗ ತಿಳಿಯಿತು. ಸುಯ್ ಎಂದು ಒಲೆಯ ಮೇಲೆ ಬಿತ್ತು, ಕಟ್ಟೆಯ ಮೇಲೆ ಹರಿಯಿತು, ದಾರ ಸುಟ್ಟ ವಾಸನೆ ಬಂತು. ದಿನಾರಾ ಓಡಿಬಂದು ಗ್ಯಾಸ್ ಆರಿಸಿದಳು. ಕಟ್ಟೆ ನೋಡಿ, ಸುಟ್ಟ ಕಲೆ ನೋಡಿ, ಅತ್ತೇಬಿಟ್ಟಳು. ಮನಾನಾಳನ್ನು ಕರೆದಳು. ಮನಾನಾ ಲಾಡ್ಜಿಗೆ ಫೋನ್ ಮಾಡಿದಳು.

ಗಂಡ ಹೆಂಡತಿ ಮಗಳು ಮೂವರೂ ಏದುಸಿರು ಬಿಡುತ್ತ ಬಂದರು. ದಿನಾರಾ ಫೋನಿನ ಅನುವಾದದ ಮೂಲಕ ಕ್ಷಮೆ ಕೇಳುತ್ತಲೇ ಇದ್ದಳು. ವನಜಾಕ್ಷಿಗೆ ಅದು ಕೇಳಿಸಲಿಲ್ಲ. ಅವಳು ಕಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದಳು.

"ಏನ್ರೀ, ಪೂರ್ವ ಯಾವ ಕಡೆ?"

"ಸಮುದ್ರ ಪಶ್ಚಿಮಕ್ಕೆ. ಅಂದ್ರೆ ಪೂರ್ವ ಫ್ರಿಜ್ಜಿನ ಕಡೆ."

"ಫ್ರಿಜ್ಜಿನ ಕಡೆಗೇ ಉಕ್ಕಿದೆ." ಅವಳು ನಿಧಾನವಾಗಿ ಹೇಳಿದಳು. "ಅತ್ತೆಗೆ ಫೋನ್ ಹಚ್ಚಿ."

ಮೈಸೂರಿನಿಂದ ಪುಟ್ಟಗೌರಮ್ಮನ ಮುಖ ಪರದೆಯ ತುಂಬ ಬಂತು. ಎಷ್ಟು ವರ್ಷವಾಗಿತ್ತು ನೋಡಿ. ಅವರು ಮೊದಲು ಕೇಳಿದ್ದು ನನ್ನ ಬಗ್ಗೆಯೇ.

"ನಾ ಕೊಟ್ಟ ತಪ್ಪಲೆನೇನಾ? ಕೊಂಬು ಕುತ್ತಿಗೇಲಿತ್ತಾ?"

"ಇತ್ತು ಅತ್ತೆ. ದಾರ ಸ್ವಲ್ಪ ಸುಟ್ಟಿದೆ."

"ಅದ್ರಲ್ಲಿ ಮೊದಲ್ನೇ ಹಾಲಾ?"

"ಮೊದಲ್ನೇದೇ."

"ಉಳಿದಿದ್ದು ಯಾರು ಕುಡುದ್ರು?"

"ಆ ಮಗು ಕುಡೀತಾ ಇದೆ."

ಶ್ರೀಕಂಠಸ್ವಾಮಿ ತಡೆಯಲಾರದೆ, "ಅಮ್ಮ, ಆಷಾಢ ಅಲ್ವಾ?" ಎಂದ.

"ನೀನ್ ಸುಮ್ನಿರೋ, ಮುಹೂರ್ತದ ದಿನ ಬಾಡಿಗೆ ಕೊಟ್ಟೋನು. ಉಕ್ಸೋಕೆ ಮುಹೂರ್ತ ಬೇಕು. ತಾನಾಗಿ ಉಕ್ಕಿದ್ದಕ್ಕೆ ಯಾವ ಆಷಾಢ?" ಆಮೇಲೆ ಸೊಸೆಗೆ ಹೇಳಿದರು: "ಆದ್ರೆ ವನಜಾ, ಉಕ್ಸಿದೋಳು ಅವಳು. ಇವತ್ತಿನ ಮಟ್ಟಿಗೆ ಆ ಮನೆ ಯಜಮಾನಿ ಅವಳೇ ಕಣವ್ವ. ಅವಳು ಕರುದ್ರೆ ಉಳ್ಕೊ. ಕರೀದಿದ್ರೆ ಕುಂಕುಮ ಕೊಟ್ಟು ಬಂದ್ಬಿಡು. ಬಾಯ್ಬಿಟ್ಟು ಕೇಳ್ಬೇಡ."

ವನಜಾಕ್ಷಿ ಕೇಳಲಿಲ್ಲ. ಬಟ್ಟೆ ತೆಗೆದುಕೊಂಡು ಕಟ್ಟೆ ಒರೆಸಿದಳು. ಸಿಂಕಿನ ಪಾತ್ರೆ ತೊಳೆದಳು. ದಿನಾರಾಳ ಹಣೆಗೆ ಕುಂಕುಮ ಇಟ್ಟಳು. ಯಾಕೆಂದು ತಿಳಿಯದೆ ದಿನಾರಾ ನಗುತ್ತ ಹಣೆ ಮುಂದೆ ಮಾಡಿದಳು. ಹೊರಡಲು ವನಜಾಕ್ಷಿ ಚಪ್ಪಲಿ ಹುಡುಕುತ್ತಿದ್ದಾಗ, ಸೋಫಾದ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ ಮೇದಿನಿಯನ್ನು ದಿನಾರಾ ನೋಡಿದಳು. ಫೋನಿಗೆ ಏನೋ ಹೇಳಿದಳು. ಫೋನು ಅನುವಾದಿಸಿ ಹೇಳಿತು: ಮಗುವನ್ನು ಎಬ್ಬಿಸಬೇಡಿ. ಎಲ್ಲರೂ ಇಲ್ಲೇ ಮಲಗಿ. ಸಮುದ್ರದ ಸದ್ದಿಗೆ ನನ್ನ ಮಗ ಏಳುತ್ತಾನೆ, ನಾವು ಒಳಗಿನ ಕೋಣೆಯಲ್ಲಿರುತ್ತೇವೆ. ಕಡಲ ಕಡೆಯ ಕೋಣೆ ಖಾಲಿಯೇ ಇದೆ.

ವನಜಾಕ್ಷಿ ಕೈಗೆ ಸಿಕ್ಕ ಒಂದು ಚಪ್ಪಲಿಯನ್ನು ಹಾಗೆಯೇ ಕೆಳಗಿಟ್ಟಳು.

ಬೆಳಗಾಯಿತು. ಕಡಲ ಕೋಣೆಯ ಬಾಗಿಲು ಅರ್ಧ ತೆರೆದಿತ್ತು; ಅಡುಗೆ ಕಟ್ಟೆಯಿಂದ ನನಗೆ ಅವಳ ಪಾದ ಮಾತ್ರ ಕಾಣುತ್ತಿತ್ತು. ಕಿಟಕಿಯ ಪರದೆ ಉಬ್ಬುತ್ತ ಇಳಿಯುತ್ತ ಇತ್ತು. ಮೇದಿನಿ ಎದ್ದು ಮಗುವಿನ ಜೊತೆ ಆಡುತ್ತಿದ್ದಳು. ಶ್ರೀಕಂಠಸ್ವಾಮಿ ಸ್ನಾನ ಮಾಡಿ, ಅಂಗಿ ತೊಟ್ಟು, ಎರಡು ಸಲ ಬಾಗಿಲ ತನಕ ಹೋದ. "ವನಜಾ" ಎನ್ನಲು ಬಾಯಿ ತೆರೆದ. ತೆರೆದ ಬಾಯಿ ಮುಚ್ಚಿಕೊಂಡು ಹಿಂದೆ ಬಂದ. ಮನೆ ಕೊಳ್ಳುವವರ ಫೋನ್ ಬರತೊಡಗಿತು. ಮೂರನೆಯ ಸಲ ಬಂದಾಗ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದ: ಇವತ್ತು ಬರಲಾಗುವುದಿಲ್ಲ, ನನ್ನ ಹೆಂಡತಿ ಮಲಗಿದ್ದಾಳೆ. ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ಆ ಕಡೆಯಿಂದ ಕೇಳಿರಬೇಕು. ಗೊತ್ತಿಲ್ಲ, ಎಂದ. ಎಬ್ಬಿಸುವುದಿಲ್ಲ, ಎಂದ.

ಕೊಳ್ಳುವವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬೇರೆ ಮನೆ ನೋಡಿಕೊಂಡರು.

ನನಗೀಗ ವಯಸ್ಸಾಗಿದೆ. ಒಳಗಿನ ಕಲಾಯಿ ಮಾಸಿದೆ. ತಳದಲ್ಲಿ ಆ ದಿನದ ಸುಟ್ಟ ಕಲೆ ಇದೆ. ಅದನ್ನು ಉಜ್ಜಬಾರದೆಂದು ಮನಾನಾಳಿಗೆ ಕಟ್ಟಪ್ಪಣೆ. ನನ್ನ ಜಾಗ ಫ್ರಿಜ್ಜಿನ ಮೇಲೆ, ಪೂರ್ವದ ಮೂಲೆಯಲ್ಲಿ. ಬಂದವರು ಈಗಲೂ ಬಾಲ್ಕನಿಗೆ ಹೋಗಿ "ಆಹಾ" ಎನ್ನುತ್ತಾರೆ, ಈಗಲೂ ನಾನು ಯಾರೆಂದು ಅವರಿಗೆ ತಿಳಿಯದು. ಅವರು ಯಾರೆಂದು ತಿಳಿಯುವ ಕುತೂಹಲ ನನಗೂ ಇನ್ನೂ ಹೋಗಿಲ್ಲ. ಪ್ರತಿ ಆಷಾಢದಲ್ಲಿ ಒಂದು ವಾರ ಮಾತ್ರ ಯಾರಿಗೂ ಬಾಡಿಗೆಗಿಲ್ಲ. ಆಗ ನನ್ನವರು ಬರುತ್ತಾರೆ, ಚೀಲ ಎಸೆಯುತ್ತಾರೆ, ಕಿಟಕಿ ತೆಗೆಯುತ್ತಾರೆ.

ನಾನು ಉಕ್ಕಿದ್ದು ಒಂದೇ ಸಲ. ಮನೆಯವರ ಕೈಯಲ್ಲಲ್ಲ, ಮುಹೂರ್ತದಲ್ಲಲ್ಲ, ಅಳುವ ಮಗುವಿನ ಹಿಂದೆ ಓಡಿದ ಒಬ್ಬ ದಣಿದ ತಾಯಿಯ ಮರೆವಿನಲ್ಲಿ. ಅದರಿಂದ ಇನ್ನೊಬ್ಬ ದಣಿದ ತಾಯಿಗೆ ನಿದ್ದೆ ಬಂತು. ಆಷಾಢದ ಆ ವಾರ ಮತ್ತೆ ಬಂದಿದೆ; ಇಲ್ಲಿಂದ ನನಗೆ ಇವತ್ತೂ ನಿದ್ದೆ ಹೋದ ಅವಳ ಪಾದವಷ್ಟೇ ಕಾಣುತ್ತದೆ. ಅದು ಅಲುಗುವುದಿಲ್ಲ. ನಾನೂ ಸದ್ದು ಮಾಡುವುದಿಲ್ಲ.