ಡೆಟ್ರಾಯಿಟ್‌ನಲ್ಲಿ ಗೆದ್ದ ಭಾನುವಾರ

ಬೆಳಗಿನ ಐದೂವರೆಗೆ ಕಲ್ಲಿನಾಥರು ಶಿಕಾಗೋ ಪಕ್ಕದ ಅರೋರಾದ ಮನೆಯಿಂದ ಕಾರು ಹೊರಗೆ ತೆಗೆದಾಗ ಹೆಂಡತಿ ಶ್ರೀಲತಾ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ದಿನದಿಂದ ಅವರದು ಒಂದೇ ಮಾತು.

"ಮಗಳ ಡಿವೋರ್ಸ್ ಆಗಿ ಇನ್ನೂ ಎರಡು ತಿಂಗಳಾಗಿಲ್ಲ. ಯಾವ ಮಾರಿ ಇಟ್ಕೊಂಡು ಅವರ ಬಾಜೂಕ ಕೂತು ಆಟ ನೋಡ್ತೀರಿ?"

"ಟಿಕೆಟ್ ಜೂನ್‌ದಾಗ ತಗೊಂಡದ್ದು," ಎಂದರು ಕಲ್ಲಿನಾಥರು. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವರು ಹೊರಟಿದ್ದು ಡೆಟ್ರಾಯಿಟ್‌ಗೆ, ಈರೇಶರ ಜೊತೆ ಅಮೆರಿಕನ್ ಫುಟ್‌ಬಾಲ್ ನೋಡಲು. ಆಗಸ್ಟ್ ಕೊನೆಯವರೆಗೆ ಈರೇಶರು ಅವರ ಬೀಗರು. ಕಲ್ಲಿನಾಥರ ಒಬ್ಬಳೇ ಮಗಳು ವರ್ಷಾ, ಈರೇಶರ ಮಗ ಸುಶಾಂತನನ್ನು ಮದುವೆಯಾಗಿ ನಾಲ್ಕು ವರ್ಷ ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ, ಅತ್ತೆ ಮಾವನ ಮನೆಯಿಂದ ಎರಡು ಮೈಲಿ ದೂರದಲ್ಲಿ ಸಂಸಾರ ಮಾಡಿದ್ದಳು. ಮಕ್ಕಳಾಗಲಿಲ್ಲ. ಜಗಳದ ಸುದ್ದಿಯೂ ಬರಲಿಲ್ಲ. ಒಂದು ದಿನ ಎರಡು ಸೂಟ್‌ಕೇಸ್ ಹಿಡಿದು ಅರೋರಾಕ್ಕೆ ಬಂದಳು, ಹತ್ತಿರದ ಲಿಸ್ಲ್‌ನಲ್ಲಿ ಕೆಲಸ ಹುಡುಕಿಕೊಂಡಳು, ಅಲ್ಲೇ ಅಪಾರ್ಟ್‌ಮೆಂಟ್ ಹಿಡಿದಳು. ಏನಾಯಿತೆಂದು ಯಾರು ಕೇಳಿದರೂ "ಇಟ್ ಜಸ್ಟ್ ಡಿಡಂಟ್ ವರ್ಕ್" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಕಲ್ಲಿನಾಥರು ಅಮೆರಿಕಕ್ಕೆ ಬಂದು ಇಪ್ಪತ್ತೆಂಟು ವರ್ಷ. ಆಫೀಸಿನವರು, ದೇವಸ್ಥಾನದವರು, ಕನ್ನಡ ಕೂಟದವರು ಎಂದು ಪರಿಚಯದ ಜನ ಬೇಕಾದಷ್ಟಿದ್ದರು. ಸ್ನೇಹಿತ ಎನ್ನುವವನೊಬ್ಬ ಸಿಕ್ಕಿದ್ದು ಮಗಳ ಮದುವೆಯಿಂದಲೇ. ಗದಗಿನವರಾದ ಅವರಿಗೆ ಕೊಪ್ಪಳದ ಈರೇಶರ ಮಾತು ಕೇಳಿದರೆ ಊರಿನ ಕಟ್ಟೆಯ ಮೇಲೆ ಕೂತಂತೆ ಆಗುತ್ತಿತ್ತು. ಮದುವೆಯಾದ ಮೊದಲ ಥ್ಯಾಂಕ್ಸ್‌ಗಿವಿಂಗ್ ದಿನ ನೋವೈಯ ಮನೆಯಲ್ಲಿ ಗಿರ್ಮಿಟ್ ತಟ್ಟೆ ಮುಂದಿಟ್ಟುಕೊಂಡು ಈರೇಶರು ಟಿವಿ ತೋರಿಸಿ ಹೇಳಿದ್ದರು: "ನಾಲ್ಕು ಚಾನ್ಸು, ಹತ್ತು ಗಜ. ಇಷ್ಟ ಆಟ. ಉಳದದ್ದೆಲ್ಲಾ ಗುದ್ದಾಟ."

ಅಂದಿನಿಂದ ಕಲ್ಲಿನಾಥರಿಗೆ ಹುಚ್ಚು ಹಿಡಿಯಿತು. ಇವರ ಶಿಕಾಗೋ ಬೇರ್ಸ್, ಈರೇಶರ ಡೆಟ್ರಾಯಿಟ್ ಲಯನ್ಸ್ ಒಂದೇ ವಿಭಾಗದ ತಂಡಗಳು. ವರ್ಷಕ್ಕೆ ಎರಡು ಸಲ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ, ಎದುರಾಗಲೇಬೇಕು. ಬೀಗರಿಬ್ಬರೂ ಎರಡೂ ಕಡೆ ತಪ್ಪದೆ ಹೋಗುತ್ತಿದ್ದರು. ಶಿಕಾಗೋದಲ್ಲಿ ಸರೋವರದ ಗಾಳಿಗೆ ಒಂದೇ ಕಂಬಳಿಯಲ್ಲಿ ಕಾಲು ಮುಚ್ಚಿಕೊಂಡು ಕೂರುತ್ತಿದ್ದರು. ಭಾನುವಾರ ಸಂಜೆ ಫೋನಿನಲ್ಲಿ ಒಬ್ಬರನ್ನೊಬ್ಬರು ಆಡಿಕೊಂಡು ನಗುತ್ತಿದ್ದರು.

ಆಗಸ್ಟಿನಿಂದ ಫೋನಿರಲಿಲ್ಲ. ಹೋದ ವಾರ ಒಂದು ಮೆಸೇಜ್ ಬಂದಿತ್ತು: "ಟಿಕೆಟ್ ಹಂಗ ಅದಾವ. ನೀವು ಬರೂದಾದ್ರ ನಾನು ಗೇಟಿನ ಹತ್ರ ನಿಂತಿರ್ತೀನಿ." ಕಲ್ಲಿನಾಥರು ಮಗಳಿಗೆ ತೋರಿಸಿದರು. ವರ್ಷಾ ಓದಿ ಫೋನ್ ಹಿಂದಿರುಗಿಸಿ, "ಗೋ, ಅಪ್ಪಾ. ಮಾವ... ಅಂಕಲ್ ಪಾಪ, ಕಾಯ್ತಿರ್ತಾರೆ," ಎಂದಿದ್ದಳು.

ಸುಮಾರು ಮುನ್ನೂರು ಮೈಲಿ ಡ್ರೈವ್. ದಾರಿಯುದ್ದಕ್ಕೂ ಅವರ ತಲೆಯಲ್ಲಿದ್ದುದು ಒಂದೇ ಪ್ರಶ್ನೆ: ನನ್ನ ಮಗಳಿಂದ ಏನು ತಪ್ಪಾಯಿತು?

ಗೇಟಿನ ಬಳಿ ಈರೇಶರು ನಿಂತಿದ್ದರು. ಇಳಿದುಹೋಗಿದ್ದರು. ಕೋಟು ಬೇರೆ ಯಾರದ್ದೋ ಎನ್ನುವಂತೆ ಹೆಗಲಿನಿಂದ ಜೋತುಬಿದ್ದಿತ್ತು.

"ಬರ್ರಿ ಬೀಗರ," ಎಂದವರು ಅಲ್ಲಿಗೇ ನಿಂತರು. ನಂತರ, "ದಾರಿ ತ್ರಾಸ ಆತೇನ್ರಿ?" ಎಂದರು.

"ಇಲ್ರಿ. ರಸ್ತೆ ಖಾಲಿ ಇತ್ತು."

ಒಳಗೆ ಅರವತ್ತು ಸಾವಿರ ಜನ, ಮುಚ್ಚಿದ ಛಾವಣಿಯ ಕೆಳಗೆ ಕಿವಿಗಡಚಿಕ್ಕುವ ಸದ್ದು. ಸದ್ದು ಬಹಳ ಹೊತ್ತು ಉಳಿಯಲಿಲ್ಲ. ಮೊದಲ ಹದಿನೈದು ನಿಮಿಷದಲ್ಲೇ ಶಿಕಾಗೋ ಎರಡು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಹೊಡೆಯಿತು. ಡೆಟ್ರಾಯಿಟ್‌ನವರು ಚೆಂಡು ಹಿಡಿದರೆ ಜಾರುತ್ತಿತ್ತು, ಎಸೆದರೆ ಎದುರಾಳಿಯ ಕೈ ಸೇರುತ್ತಿತ್ತು. ಅರ್ಧ ಆಟ ಮುಗಿಯುವಷ್ಟರಲ್ಲಿ ಇಪ್ಪತ್ತನಾಲ್ಕಕ್ಕೆ ಮೂರು. ಬೇರೆ ವರ್ಷವಾಗಿದ್ದರೆ ಈರೇಶರು ತಮ್ಮ ತಂಡದ ಕೋಚಿನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಕಲ್ಲಿನಾಥರು ಅವರ ತೊಡೆಗೆ ಹೊಡೆದು ಹೊಡೆದು ನಗುತ್ತಿದ್ದರು. ಇವತ್ತು ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಂತೆ ಕೂತಿದ್ದರು.

ವಿರಾಮದಲ್ಲಿ ಈರೇಶರು ಎರಡು ಕಾಫಿ ತಂದರು. ಕಲ್ಲಿನಾಥರು ಕಪ್ಪು ಕೈಯಲ್ಲಿ ಹಿಡಿದು ಕೇಳಿಯೇಬಿಟ್ಟರು.

"ಒಂದು ಮಾತು ಖರೇ ಹೇಳ್ರಿ. ನಮ್ಮ ವರ್ಷಾಂದು ಏನರ ತಪ್ಪಿತ್ತೇನು? ಆಕಿ ಬಾಯಿ ಬಿಡವಲ್ಲಳು. ನನಗ ರಾತ್ರಿ ನಿದ್ದಿ ಇಲ್ರಿ."

ಈರೇಶರು ಕೆಳಗಿನ ಹಸಿರು ಅಂಗಳ ನೋಡುತ್ತಿದ್ದರು. "ಇಲ್ರಿ. ಆ ಹುಡುಗೀದು ಒಂದು ಕೂದಲೆಳಿ ತಪ್ಪಿಲ್ಲ," ಎಂದರು. ಮತ್ತೇನೋ ಹೇಳಲು ಬಾಯಿ ತೆರೆದರು. ಆಟಗಾರರು ಮರಳಿ ಬಂದರು, ಸುತ್ತಲಿನವರು ಎದ್ದು ನಿಂತರು, ಮಾತು ನಿಂತಿತು.

ಮೂರನೇ ಭಾಗದಲ್ಲಿ ಶಿಕಾಗೋದ ಹುಡುಗನೊಬ್ಬ ಚೆಂಡು ಹಿಡಿದು ಅರ್ಧ ಮೈದಾನ ಒಂಟಿಯಾಗಿ ಓಡಿದ. ಮುಂದಿನ ಸಾಲಿನಲ್ಲಿದ್ದ ಶಿಕಾಗೋದವರು ತಿರುಗಿ, ಕಲ್ಲಿನಾಥರ ತಲೆಯ ಮೇಲಿನ ಬೇರ್ಸ್ ಟೋಪಿ ನೋಡಿ, ಒಬ್ಬೊಬ್ಬರಾಗಿ ಅವರ ಅಂಗೈಗೆ ಅಂಗೈ ಬಡಿದರು. ಆ ಗದ್ದಲದಲ್ಲೇ ಈರೇಶರು ಅವರ ಕಿವಿಯ ಹತ್ತಿರ ಬಾಗಿದರು.

"ನನಗ ಮೊದ್ಲ ಗೊತ್ತಿತ್ತರಿ."

"ಏನು?"

"ಮದುವಿಗೆ ಒಂದು ತಿಂಗಳ ಮೊದ್ಲ ಸುಶಾಂತ ನನ್ನ ಕಡೆ ಬಂದಿದ್ದ. ಗರಾಜಿನ್ಯಾಗ ಕಾರಿನ ಗಾಲಿ ಬಿಚ್ಚಾಕತ್ತಿದ್ದೆ. 'ಡ್ಯಾಡ್, ಐ ಕಾಂಟ್ ಡೂ ದಿಸ್' ಅಂದ. ಕಾಲೇಜಿನ್ಯಾಗ ಒಂದು ಹುಡುಗಿ ಇತ್ತಂತ. ಆಕೀನ್ನ ಬಿಟ್ಟಿರಾಕ ಆಗೂದಿಲ್ಲಂತ."

"ನೀವೇನಂದ್ರಿ?"

"ಬಾಯಿ ಮುಚ್ಕೋ ಅಂದೆ. ಮದುವಿ ಆದ್ರ ಎಲ್ಲಾ ಸರಿ ಹೋಗ್ತದ ಅಂದೆ." "ಅಷ್ಟೊತ್ತಿಗೆ ನಾವು ನೀವು ಮೂರ್ನಾಕು ಸಲ ಕೂಡಿದ್ವಿ. ಇಂಥಾ ಬೀಗರು ನನಗ ಮತ್ತ ಸಿಗೂದಿಲ್ಲ ಅನ್ನಿಸಿತ್ತು. ದೇವರಾಣಿ ಹೇಳ್ತೀನ್ರಿ, ನಾನು ಹುಡುಗೀನ್ನ ನೋಡಿ ಹಟಾ ಹಿಡೀಲಿಲ್ಲ. ನಿಮ್ಮನ್ನ ನೋಡಿ ಹಿಡದೆ."

ಕಲ್ಲಿನಾಥರಿಗೆ ಎದ್ದು ಹೋಗಬೇಕೆನ್ನಿಸಿತು. ಮಗಳು ಹಸಿರು ಸೀರೆಯುಟ್ಟು, ಗದಗಿನಿಂದ ತರಿಸಿದ ದಂಡೆಯನ್ನು ಹಣೆಗೆ ಕಟ್ಟಿಕೊಂಡು ಮಂಟಪಕ್ಕೆ ಬಂದದ್ದು ಕಣ್ಣಿಗೆ ಕಟ್ಟಿತು. ಅವತ್ತು ಪಕ್ಕದಲ್ಲಿ ನಿಂತು ಅಕ್ಷತೆ ಹಾಕಿದ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು.

"ನಾಲ್ಕು ವರ್ಷ ನನ್ನ ಬಾಜೂಕ ಕೂತು ಮ್ಯಾಚ್ ನೋಡಿದ್ರಿ," ಎಂದರು ಕೊನೆಗೆ. "ಒಂದು ಸಲಾನೂ ಬಾಯಿಗೆ ಬರ್ಲಿಲ್ಲೇನ್ರಿ?"

"ಪ್ರತಿ ಸಲ ಬರ್ತಿತ್ತರಿ."

"ಮತ್ತ?"

"ಹೇಳಿದ್ರ ನೀವು ಮುಂದಿನ ಸಲ ಬರೂದಿಲ್ಲಂತ ಗೊತ್ತಿತ್ತು."

ಕೊನೆಯ ಭಾಗ ಶುರುವಾಗುವ ಮುನ್ನವೇ ಊರಿನವರು ಎದ್ದು ಹೊರಡತೊಡಗಿದರು. ನೀಲಿ ಅಂಗಿಯ ಅಪ್ಪಂದಿರು ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲೇರಿದರು. ಖಾಲಿ ಕುರ್ಚಿಗಳ ನಡುವೆ ಇವರಿಬ್ಬರೇ ಕೂತು, ಆಗಲೇ ತೀರ್ಮಾನವಾಗಿಹೋಗಿದ್ದ ಆಟವನ್ನು ಕೊನೆಯ ನಿಮಿಷದವರೆಗೆ ನೋಡಿದರು. ಮೂವತ್ತನಾಲ್ಕಕ್ಕೆ ಹತ್ತು. ಡೆಟ್ರಾಯಿಟ್‌ಗೆ ಬಂದು ಶಿಕಾಗೋ ಇಷ್ಟು ಸಲೀಸಾಗಿ ಗೆದ್ದದ್ದನ್ನು ಕಲ್ಲಿನಾಥರು ನೋಡಿದ್ದು ಇದೇ ಮೊದಲು.

ಶಿಕಾಗೋದ ಅಭಿಮಾನಿಗಳು ಕೆಳಗಿನ ಕಟಕಟೆಯ ಬಳಿ ಗುಂಪುಗೂಡಿದ್ದರು. ಮುಖಕ್ಕೆ ಕಿತ್ತಳೆ ಬಣ್ಣ ಬಳಿದುಕೊಂಡ ಹೆಂಗಸೊಬ್ಬಳು ಕಲ್ಲಿನಾಥರನ್ನು ಕಂಡು, "ಸರ್! ಕಮ್, ಗೆಟ್ ಇನ್ ದಿ ಪಿಕ್ಚರ್!" ಎಂದು ತೋಳು ಹಿಡಿದು ಎಳೆದಳು. ಬೇಡವೆನ್ನಲು ಪುರುಸೊತ್ತು ಕೊಡಲಿಲ್ಲ. ತನ್ನ ಫೋನನ್ನು ಈರೇಶರ ಕೈಗಿಟ್ಟು ಫೋಟೋ ತೆಗೆಯಲು ಹೇಳಿದಳು. ಈರೇಶರು ಫೋನನ್ನು ಎರಡೂ ಕೈಯಲ್ಲಿ ಹಿಡಿದರು. ಒಂದು ತೆಗೆದು, ಮತ್ತೊಮ್ಮೆ ತೆಗೆದರು. ಎಂಟು ಹತ್ತು ಜನ ಬಾಯಿ ತುಂಬ ಕೂಗುತ್ತಿದ್ದರು. ಅವರ ನಡುವೆ ಕಲ್ಲಿನಾಥರು ಈರೇಶರನ್ನೇ ನೋಡುತ್ತ ನಿಂತಿದ್ದರು.

ಪಾರ್ಕಿಂಗ್ ತನಕ ಜೊತೆಗೇ ನಡೆದರು. ಕಾರಿನ ಹತ್ತಿರ ಈರೇಶರು, "ಮನಿಗೆ ಬಂದು ಒಂದು ಕಪ್ ಚಾ ಕುಡದು ಹೋಗ್ರಿ. ನಮ್ಮ ಮನ್ಯಾಕಿ ಸರೋಜಾ ನಿಮಗ ಮಾರಿ ತೋರಸಾಕ ಅಂಜ್ಯಾಳ, ಆದ್ರೂ ಅಡಗಿ ಮಾಡಿ ಇಟ್ಟಾಳ," ಎಂದರು.

"ಬ್ಯಾಡ್ರಿ." ಕಲ್ಲಿನಾಥರು ಕಾರಿನ ಬಾಗಿಲು ತೆರೆದರು. ಎಂದೂ ಹೆಸರು ಹಿಡಿದು ಕರೆದವರಲ್ಲ, ಇಂದು ಕರೆದರು. "ಈರೇಶ್ ಅವರ, ನೀವು ಇವತ್ತು ಹೇಳಿದ್ದು ಛಲೋ ಆತು. ಇನ್ನ ನನಗ ಫೋನ್ ಮಾಡಬ್ಯಾಡ್ರಿ."

ಈರೇಶರು ಕೈ ಮುಗಿದರು. ಕಾರು ತಿರುವು ದಾಟುವವರೆಗೂ ಹಾಗೇ ನಿಂತಿದ್ದರು.

ಮರುದಿನ ಮಧ್ಯಾಹ್ನ ಕಲ್ಲಿನಾಥರು ಶ್ರೀಲತಾ ಕಟ್ಟಿಕೊಟ್ಟ ರೊಟ್ಟಿ, ಎಣ್ಣೆಗಾಯಿ ತೆಗೆದುಕೊಂಡು ಲಿಸ್ಲ್‌ಗೆ ಹೋದರು. ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾರಿನ ಒಳಗೇ ಕೂತು ವರ್ಷಾ ಡಬ್ಬಿ ಬಿಚ್ಚಿದಳು. ಅವರು ಈರೇಶರು ಹೇಳಿದ್ದನ್ನೆಲ್ಲ ಹೇಳಿದರು. ಅವಳು ತುತ್ತು ಮುರಿಯುತ್ತ ಕೇಳಿಸಿಕೊಂಡಳು.

"ಐ ನೋ, ಅಪ್ಪಾ."

"ನಿನಗ ಯಾವಾಗ ಗೊತ್ತಾತು?"

"ಫಸ್ಟ್ ಇಯರ್‌ನಲ್ಲೇ. ಸುಶಾಂತನೇ ಹೇಳ್ದ. ಹೀ ವಾಸ್ ಕ್ರೈಯಿಂಗ್."

"ಮತ್ತ ಮೂರು ವರ್ಷ ಯಾಕ ಇದ್ದಿ, ತಾಯಿ?"

ವರ್ಷಾ ಕೈಯಲ್ಲಿದ್ದ ತುಂಡನ್ನು ಡಬ್ಬಿಯಲ್ಲೇ ಇಟ್ಟಳು. "ಸಂಡೇ ಸಾಯಂಕಾಲ ನಾವು ಮಾವನ ಮನೇಲಿ ಇರ್ತಿದ್ವಿ. ಮಾವ ಫೋನ್ ಸ್ಪೀಕರ್‌ನಲ್ಲಿ ಇಡ್ತಿದ್ರು. ನಾನು ಕಿಚನ್‌ನಲ್ಲಿ ನಿಂತು ನೀವು ನಗೋದು ಕೇಳ್ತಿದ್ದೆ. ಚಿಕ್ಕೋಳಿದ್ದಾಗಿಂದ ನೀವು ಹಾಗೆ ನಕ್ಕಿದ್ದು ನಾನು ಕೇಳೇ ಇರ್ಲಿಲ್ಲ. ಐ ಥಾಟ್, ಇನ್ನೂ ಸ್ವಲ್ಪ ದಿನ ಇರೋಣ. ದೆನ್, ಒನ್ ಮೋರ್ ಸೀಸನ್."

ಕಲ್ಲಿನಾಥರು ಸ್ಟೇರಿಂಗ್ ಮೇಲೆ ಹಣೆಯಿಟ್ಟರು. ಅವರ ಬೆನ್ನು ಅಲುಗುವುದನ್ನು ವರ್ಷಾ ನೋಡಿದಳು. ಅಪ್ಪ ಅಳುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ಅವರ ಬೆನ್ನ ಮೇಲೆ ಕೈಯಿಟ್ಟು ಕೂತಳು. ಒಂದು ಗಂಟೆಗೆ ಮೀಟಿಂಗ್ ಇತ್ತು. "ಹೋಗ್ಬೇಕು ಅಪ್ಪಾ. ನೀವು ನಿಧಾನಕ್ಕೆ ಡ್ರೈವ್ ಮಾಡಿ," ಎಂದು ಇಳಿದು ಹೋದಳು.

ಕಲ್ಲಿನಾಥರು ಡ್ರೈವ್ ಮಾಡಲಿಲ್ಲ. ಶ್ರೀಲತಾಗೆ ಫೋನ್ ಮಾಡಿ, "ತಡ ಆಗ್ತದ," ಎಂದಷ್ಟೇ ಹೇಳಿದರು. ಸುತ್ತಲಿನ ಕಾರುಗಳು ಬಂದವು, ಹೋದವು. ಐದು ಗಂಟೆ ದಾಟಿದ ಮೇಲೆ ವರ್ಷಾ ಬ್ಯಾಗು ಹೆಗಲಿಗೇರಿಸಿ ಹೊರಬಂದಳು. ಅಪ್ಪನ ಕಾರು ಅದೇ ಜಾಗದಲ್ಲಿರುವುದನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ ಬಂದು ಬಾಗಿಲು ತೆರೆದು ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು.

"ಇವತ್ತು ನಿಮ್ಮನೆಗೇ ಬರ್ತೀನಿ," ಎಂದಳು.

"ನಮ್ಮನಿ ಅನ್ನು," ಎಂದರು ಕಲ್ಲಿನಾಥರು, ಕಾರು ಶುರು ಮಾಡುತ್ತ.